ದೋನ್ ತಿಮೋತೆಯೋ ಊರು ನೋಡಿದ್ದು

ವಾಲ್ಪರೈಸೊದ ಗುಡ್ಡಕ್ಕೆ ಜನರನ್ನು ಹತ್ತಿಸಿ ಇಳಿಸುವ
ಹಗ್ಗದ ಡಬ್ಬಿಯ ಬಾಗಿಲಲ್ಲಿ ಕೂತು
ಮೂವತ್ತೊಂದು ವರ್ಷ ಚಿಲ್ಲರೆ ಎಣಿಸಿದವನು ನಾನು.
ಬಿಷಪ್ಪನನ್ನು ಹತ್ತಿಸಿದ್ದೇನೆ, ಫ್ರಿಜ್ಜನ್ನು ಹತ್ತಿಸಿದ್ದೇನೆ,
ಮದುವೆಗೆ ತಡವಾಗಿ ಅಳುತ್ತಿದ್ದ ಮದುಮಗನನ್ನೂ.
ಕಾಲುಚೀಲದಲ್ಲಿ ಹೊಲಿದ ಪೆಂಗ್ವಿನ್ನಿಗೆ
ಅರ್ಧ ಟಿಕೆಟ್ಟೋ ಪೂರ್ತಿಯೋ ಎಂದು
ಕೇಳಿದವರು ಯಾರೂ ಇರಲಿಲ್ಲ,
ಆ ಶನಿವಾರದ ತನಕ.

ಕೇಳಿದವಳು ಯೋಸೆಲಿನ್. ಎರಡನೇ ಕ್ಲಾಸು.
ಮುಂದಿನ ಹಲ್ಲೆರಡು ರಜೆಯ ಮೇಲೆ.
"ಇವರು ದೋನ್ ತಿಮೋತೆಯೋ," ಅಂದಳು, ಬಹುವಚನದಲ್ಲಿ.
ಒಂದು ಕಣ್ಣು ಕೋಟಿನ ಗುಂಡಿ, ಇನ್ನೊಂದು ಅಂಗಿಯದು,
ಹಾಗಾಗಿ ಯಾವಾಗಲೂ ಏನೋ ಅನುಮಾನ ಪಡುವ ಮುಖ.
ವಾರಕ್ಕೊಬ್ಬರ ಮನೆಗೆ ಹೋಗುತ್ತಾರಂತೆ,
ಕೊರಳಿಗೆ ಕಟ್ಟಿದ ನೋಟುಪುಸ್ತಕದಲ್ಲಿ
ಕಂಡಿದ್ದನ್ನೆಲ್ಲ ಬರೆಯಬೇಕಂತೆ,
ಹಿಮೇನಾ ಟೀಚರ ಅಪ್ಪಣೆ.

ಪುಟ ತಿರುವಿದೆ.
ಹೋದ ವಾರ ಹಿಮದ ಬೆಟ್ಟ, ಜಾರಾಟ.
ಅದರ ಹಿಂದಿನ ವಾರ ರಾಜಧಾನಿಯ ಗಾಜಿನ ಗೋಪುರ.
ಇನ್ನೊಬ್ಬ ವಿಮಾನವನ್ನೇ ಹತ್ತಿಸಿಬಿಟ್ಟಿದ್ದ,
ಕಿಟಕಿಯ ಫೋಟೊ ಸಮೇತ.
"ನಮ್ಮಮ್ಮನಿಗೆ ಭಾನುವಾರವೂ ಡ್ಯೂಟಿ," ಅಂದಳು.
"ಇಲ್ಲಿ ನೋಡುವಂಥದ್ದು ಏನಿದೆ?"

ರೇಗಿತು ನನಗೆ. ಯಾರ ಮೇಲೆಂದು ಗೊತ್ತಾಗಲಿಲ್ಲ.
ಊಟದ ಹೊತ್ತಿನ ಬೋರ್ಡು ತಗುಲಿಸಿ ಟೋಪಿ ಹಾಕಿಕೊಂಡೆ.
ಅವಳಜ್ಜಿ ಎದುರು ಕಿಟಕಿಯಿಂದಲೇ ಹ್ಞೂಂ ಅಂದಳು.

ಮೊದಲು, ನೂರಾ ಅರವತ್ತೆರಡು ಮೆಟ್ಟಿಲು.
ಎಂಬತ್ತನೆಯದು ಸವೆದು ಗುಳಿ ಬಿದ್ದಿದೆ:
ಅಲ್ಲಿ ಎಲ್ಲರೂ ಉಸಿರಿಗೆ ನಿಲ್ಲುತ್ತಾರೆ,
ಜಗಳವಾಡುತ್ತ ಹತ್ತುವವರೂ.

ಆಮೇಲೆ ನೋಲ್ಬೆರ್ತೊನ ಟ್ರಾಲಿಬಸ್ಸು.
ನನಗಿಂತ ಹಿರಿದು, ನನ್ನ ಹಾಗೇ ನರಳುತ್ತದೆ.
ತಂತಿಯಿಂದ ಕೋಲು ಜಾರಿದರೆ ಕೆಳಗಿಳಿದು
ಗಾಳಿಪಟ ಹಿಡಿದ ಹುಡುಗನಂತೆ ಬಾನು ನೋಡುತ್ತ
ಎಳೆದೆಳೆದು ಸಿಕ್ಕಿಸುತ್ತಾನೆ.
"ಬನ್ನಿ ಯಜಮಾನರೇ, ಕಿಟಕಿ ಪಕ್ಕ ಸೀಟಿದೆ,"
ಅಂದ ಪೆಂಗ್ವಿನ್ನಿಗೆ. ನನಗೆ ಅನ್ನಲಿಲ್ಲ.

ಮೀನುಪೇಟೆಯ ದಡದಲ್ಲಿ ಕಡಲಸಿಂಹವೊಂದು
ಬಡ್ಡಿ ವಸೂಲಿಗೆ ಬಂದವನ ಹಾಗೆ
ಹೊಟ್ಟೆ ಮುಂದೆ ಮಾಡಿ ಬಿದ್ದುಕೊಂಡಿತ್ತು.
ತಿಮೋತೆಯೋರನ್ನು ಮೂಸಿತು.
ನೆಂಟನೋ ತಿಂಡಿಯೋ ಎಂದು ಯೋಚಿಸಿತು.
ಸೀನಿತು.
ಯೋಸೆಲಿನ್ ಬರೆದಳು: ಇಲ್ಲಿ ಒಬ್ಬರಿಗೆ ನೆಗಡಿ.

ವಾಪಸು ಬರುವಾಗ ಅವಳೇ ಮುಂದೆ,
ನಾನು ಎಣಿಸಿರದ ತಿರುವಿನಲ್ಲಿ.
ಹಿಂದಿನ ಬೇಸಗೆಯ ಬೆಂಕಿ ನೆಕ್ಕಿದ ಇಳಿಜಾರು.
ಗೋಡೆಯಿಲ್ಲ, ಮಾಡಿಲ್ಲ. ಒಂದು ಹೊಸ್ತಿಲು,
ಅದರಾಚೆ ನೀಲಿ ಟೈಲ್ಸು ನಾಲ್ಕಾರು,
ಯಾರೋ ಈಗಲೂ ಗುಡಿಸಿಟ್ಟ ಹಾಗೆ ಚೊಕ್ಕಟ.

"ನಮ್ಮನೆ," ಅಂದಳು ಪೆಂಗ್ವಿನ್ನಿನ ಕಿವಿಯಲ್ಲಿ
(ಕಿವಿ ಎಲ್ಲಿದೆಯೆಂದು ಅವಳಿಗೆ ಗೊತ್ತು).
"ಕಾಲು ಒರೆಸಿಕೊಂಡು ಬನ್ನಿ."
ದೋನ್ ತಿಮೋತೆಯೋರ ಕಾಲು ತಾನೇ ಒರೆಸಿದಳು.
ನನ್ನ ಕಡೆ ನೋಡಿದಳು.
ನಾನೂ ಒರೆಸಿಕೊಂಡೆ.
ಅಡುಗೆಮನೆ ತೋರಿಸಿದಳು, ತನ್ನ ಮಂಚ ತೋರಿಸಿದಳು,
ಕಿಟಕಿ ತೋರಿಸಿದಳು. ಕಿಟಕಿಯಿದ್ದಲ್ಲಿ
ಇಡೀ ಬಂದರು ಬಂದು ನಿಂತಿತ್ತು,
ಕೆಂಪು ಕ್ರೇನುಗಳು ಕತ್ತು ಚಾಚಿ.

ಆ ಜಾಗಕ್ಕೆ ಅವಳು ಏನೂ ಬರೆಯಲಿಲ್ಲ.
ಒಂದು ಚೌಕ ಎಳೆದಳು. ಅದರೊಳಗೊಂದು ಸಣ್ಣ ಚೌಕ.

ಸಂಜೆ ನನ್ನ ಡಬ್ಬಿಯ ಬೆಂಚಿನ ಮೇಲೆ
ಮರೆತು ಹೋದಳೋ, ಬಿಟ್ಟು ಹೋದಳೋ.
ಕೊಟ್ಟು ಬರಬಹುದಿತ್ತು, ಎದುರು ಮನೆ.
ಕೊಡಲಿಲ್ಲ.
ಮರುದಿನ ಬೆಳಗಿನಿಂದ ಕತ್ತಲಾಗುವವರೆಗೆ
ದೋನ್ ತಿಮೋತೆಯೋ ಹತ್ತಿದರು, ಇಳಿದರು,
ನಲವತ್ತೇಳು ಸಲ. ಲೆಕ್ಕ ನನ್ನಲ್ಲಿದೆ.
ಜನ ಒತ್ತಿಕೊಂಡು ನಿಂತರೂ
ಯಾರೂ ಅವರ ಸೀಟಿಗೆ ಕೈಹಾಕಲಿಲ್ಲ.
ಮುದುಕಿಯೊಬ್ಬಳು ಅವರ ಮಡಿಲಲ್ಲಿ ಬ್ರೆಡ್ಡಿನ ಚೀಲ ಇಟ್ಟು
ಸೊಂಟ ನೀವಿಕೊಂಡಳು.

ಸೋಮವಾರ ಅವಳು ಬಂದಾಗ ಕೈಗೆ ಕೊಟ್ಟೆ.
ಟಿಕೆಟ್ಟಿನ ಬಾಕಿ ಚುಕ್ತಾ ಆಯಿತು ಅಂದೆ.
ಚೌಕದ ಕೆಳಗೆ ಉಳಿದಿದ್ದ ಸಾಲಿನಲ್ಲಿ
ನನ್ನ ಸೊಟ್ಟ ಅಕ್ಷರ ಇರುವುದನ್ನು
ಅವಳು ಶಾಲೆಯಲ್ಲಿ ನೋಡಿಕೊಳ್ಳಲಿ:

ಭಾನುವಾರ. ಇವರಿಗೂ ಡ್ಯೂಟಿ ಇತ್ತು.