ಎಡಗಡೆಯ ಇನ್ನೊಬ್ಬಳು

ನೆಗಡಿ ಅಂದುಕೊಂಡೆ. ಈ ಊರಲ್ಲಿ ಯಾರಿಗಿಲ್ಲ ನೆಗಡಿ?
ನಾಯಂಡಹಳ್ಳಿ ಸೇತುವೆ ಕೆಳಗಿನ ಧೂಳು,
ಖಾಲಿ ಸೈಟುಗಳ ತುಂಬ ಕಾಂಗ್ರೆಸ್ ಗಿಡದ ಬಿಳಿ ಹೂ;
ಹನ್ನೊಂದು ವರ್ಷ ಕೆಂಗೇರಿ ಯಶವಂತಪುರ ಹೋಗಿ ಬಂದವಳ
ಮೂಗು ಮೂಗಾಗಿ ಉಳಿದೀತೆ?
ವಿಕ್ಸ್ ಸವರಿಕೊಂಡು ಸೀಟಿ ಊದುತ್ತಿದ್ದೆ.

ಆಮೇಲೆ ಕಣ್ಣಿನ ಹಿಂದೆ ಯಾರೋ
ಮೊಳೆ ಹೊಡೆಯತೊಡಗಿದರು, ರಾತ್ರಿ ಪಾಳಿಯಲ್ಲೂ.

ಒಂದು ಬೆಳಿಗ್ಗೆ ಸುಮನಹಳ್ಳಿಯಲ್ಲಿ
ಹೂಬುಟ್ಟಿ ಹೊತ್ತವಳೊಬ್ಬಳು ಹತ್ತಿದಳು.
ಅವಳ ಎಡಕ್ಕೆ ಅವಳೇ ಹತ್ತಿದಳು.
ಅದೇ ಬುಟ್ಟಿ, ಉಂಗುಷ್ಟ ಕಿತ್ತ ಅದೇ ಚಪ್ಪಲಿ.
ಟಿಕೆಟ್ ಚಾಚಿದೆ. ಕೈ ಗಾಳಿಗೆ ಹೋಯಿತು.
"ಇಲ್ಲಿದೀನಿ ಕಣಮ್ಮ" ಅಂದಳು ಬಲಗಡೆಯವಳು.
ಹೆಂಗಸರದು ಸೊನ್ನೆ ದುಡ್ಡಿನ ಟಿಕೆಟ್ಟು,
ಇಬ್ಬರಿಗೆ ಕೊಟ್ಟರೂ ಲೆಕ್ಕಕ್ಕೆ ಸೊನ್ನೆ, ಪುಣ್ಯ.
ಗಂಡಸರು ಹತ್ತಿದಾಗ ಬೆವರಿದೆ.

ದಿನವಿಡೀ ರೈಟ್ ರೈಟ್ ಅನ್ನುವ ಬಾಯಿ;
ಆವತ್ತು ಸರಿಯಾಗಿ ಕಂಡದ್ದೂ ರೈಟೊಂದೇ.
ಎಡಕ್ಕೆ ಹೊರಳಿದರೆ ಲೋಕ ಸೀಳು.
ಎಡಗಣ್ಣು ಮೂಗಿನ ಕಡೆ ಜರುಗಿ ಕೂತಿತ್ತು,
ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಕೆಟ್ಟು ನಿಂತ ಬಸ್ಸು;
ಹಿಂದಿನವರು ಎಷ್ಟು ಹಾರನ್ ಹೊಡೆದರೇನು.

ದೃಷ್ಟಿ ಬಿದ್ದಿದೆ ಅಂದರು ಅತ್ತೆ.
ಉಪ್ಪು ಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿದರು.
ನನಗೆ ಘಾಟೇ ಬರಲಿಲ್ಲ.
"ನೋಡಿದ್ಯಾ, ಎಂಥಾ ದೃಷ್ಟಿ!" ಅಂದರು,
ಕೆಮ್ಮಿ ಕೆಮ್ಮಿ ಕಣ್ಣೊರೆಸಿಕೊಳ್ಳುತ್ತ.

ಡಾಕ್ಟರ್ ತಬಸ್ಸುಮ್ ನನ್ನ ತಲೆಬುರುಡೆಯನ್ನು
ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ ಬೆರಳಿಟ್ಟರು:
ಮೂಗಿನ ಹಿಂದೆ, ತೀರಾ ಒಳಗೆ, ಒಂದು ಕೋಣೆ.
ಗಾಳಿಯಾಡಬೇಕಾದ್ದು; ಕೀವು ತುಂಬಿದೆ.
ಗೋಡೆಯಾಚೆ ಆರನೇ ನರ.
ಕಣ್ಣನ್ನು ಹೊರಕ್ಕೆಳೆಯುವುದು, ಅದಕ್ಕಿರುವುದು ಅದೊಂದೇ ಕೆಲಸ.

ನಮ್ಮ ವಠಾರ ನೆನಪಾಯಿತು.
ಹಿಂದಿನ ಮನೆಯ ಮೋರಿ ಕಟ್ಟಿಕೊಂಡರೆ
ನಮ್ಮ ಬಾಗಿಲು ಉಬ್ಬಿ ತೆರೆಯುತ್ತಿರಲಿಲ್ಲ.
ಬಡಗಿಯನ್ನು ಬೈಯುತ್ತಿದ್ದೆವು.

ಮೂಗಿನ ದಾರಿಯಲ್ಲೇ ಹೋಗಿ ಕದ ತೆಗೆದರು.
ಎರಡು ರಾತ್ರಿ ಬಾಯಲ್ಲಿ ಉಸಿರು.
ನರ ಬಲು ನಿಧಾನ, ಅವಸರ ಬೇಡ ಅಂದರು.
ಎಡಗಣ್ಣಿಗೆ ಬಟ್ಟೆ ಕಟ್ಟಿ
ಡಿಪೋ ಕಿಟಕಿಯಲ್ಲಿ ಚಿಲ್ಲರೆ ಎಣಿಸಿದೆ.
ಭಾನುವಾರಕ್ಕೊಮ್ಮೆ ಬಿಚ್ಚಿ ನೋಡುವುದು:
ಗೇಟಿನ ಬಳಿಯ ಎರಡು ಬಸ್ಸಿನ ನಡುವೆ ಒಂದು ಮಾರು,
ಆಮೇಲೆ ಒಂದು ಗೇಣು, ನಾಲ್ಕು ಬೆರಳು.

ಏಳನೇ ವಾರ ಮತ್ತೆ ಸೀಟಿ. ಸುಮನಹಳ್ಳಿ.
ಹೂವಿನವಳು ಹತ್ತಿದಳು, ಒಬ್ಬಳೇ.
ಹೊಸ ಚಪ್ಪಲಿ.
ಟಿಕೆಟ್ಟು ನೇರ ಅವಳ ಕೈ ಸೇರಿತು.

ಆ ಇನ್ನೊಬ್ಬಳು
ಯಾವ ಸ್ಟಾಪಿನಲ್ಲಿ ಇಳಿದುಹೋದಳೋ, ನೋಡಲಿಲ್ಲ.
ಕಿತ್ತ ಚಪ್ಪಲಿಯಲ್ಲೇ ಹೋಗಿರಬೇಕು.