ದುಭಾಷಿ

ಟ್ರೋಮ್ಸೋದಲ್ಲಿ ಚಳಿಗಾಲದ ಎರಡು ತಿಂಗಳು
ಸೂರ್ಯ ಏಳುವುದೇ ಇಲ್ಲ.
ಮೆಕ್ಕಾದ ಹೊತ್ತು ನೋಡಿಕೊಂಡು ಅಪ್ಪ ನಮಾಜಿಗೆ ಏಳುತ್ತಿದ್ದ.
ಅಮ್ಮ ಏಳುತ್ತಿರಲಿಲ್ಲ.

ನನಗಾಗ ಹನ್ನೊಂದು. ಆ ದೇಶದ ಭಾಷೆ
ನೆಟ್ಟಗೆ ಬರುತ್ತಿದ್ದುದು ಮನೆಯಲ್ಲಿ ನನಗೊಬ್ಬಳಿಗೇ.
ಕ್ಲಿನಿಕ್ಕಿನ ಕುರ್ಚಿಯಲ್ಲಿ, ಕಾಲು ನೆಲಕ್ಕೆಟುಕದೆ,
ಅಮ್ಮನಿಗೂ ಡಾಕ್ಟರಿಗೂ ನಡುವೆ ಕೂತಿದ್ದೆ.

"ಎದೆಯೊಳಗೆ ಯಾರೋ ಬಾವಿ ತೋಡಿ
ನೀರು ಸಿಗದೆ ಹಾಗೇ ಬಿಟ್ಟು ಹೋಗಿದ್ದಾರೆ.
ರಾತ್ರಿ ಅದರ ಅಂಚಿಗೆ ಹೋಗಿ ನಿಲ್ಲುತ್ತೇನೆ" ಅಂದಳು.

ಡಾಕ್ಟರು ನನ್ನತ್ತ ನೋಡಿದರು.
ಹೊಟ್ಟೆನೋವಂತೆ, ಅಂದೆ.

ಬಿಸ್ಮಿಲ್ಲಾ ಹೇಳಿ ನುಂಗಿದಳು ಆ ಗುಳಿಗೆಗಳನ್ನು,
ದಿನಕ್ಕೆರಡು, ಉಂಡ ಮೇಲೆ, ಒಂದೂ ತಪ್ಪಿಸದೆ.

ಫಿಲ್ಸನ್ ಚಿಕ್ಕಮ್ಮ ಫೋನಿನಲ್ಲಿ ಜಿನ್ನು ಅಂದಳು,
ಆಮೇಲೆ, ಯಾರದೋ ಕಣ್ಣು ಅಂದಳು.
ಅಪ್ಪ ಓದಿಸಿದ ನೀರು ತಂದ.
ಇಮಾಮ್ ಇಲ್ಮಿ ಮನೆಗೇ ಬಂದು ತಲೆದೆಸೆಯಲ್ಲಿ ಓದಿದರು;
ಅಮ್ಮ ಗೋಡೆಗೆ ಹೊರಳಿದಳು.
ಹೊಸ್ತಿಲಲ್ಲಿ ಬೂಟಿನ ಲೇಸು ಕಟ್ಟುತ್ತಾ
ಅವರು ಕೇಳಿದ್ದು ನನ್ನನ್ನು:
"ಏನನ್ನುತ್ತಾಳೆ ನಿನ್ನಮ್ಮ?"

ಬಾವಿಯ ಮಾತು ಬಂದುಬಿಟ್ಟಿತು, ಅಂಚಿನದೂ.

ಬಸ್ಸಿನ ಪಾಳಿಗೆ ಹೊರಟಿದ್ದ ಅಪ್ಪ
ಕೋಟು ತೊಟ್ಟವನು ಹಾಗೇ ನೆಲದ ಮೇಲೆ ಕೂತ.
ಇಮಾಮರು ಕಟ್ಟಿದ ಲೇಸು ಬಿಚ್ಚಿ
ಮತ್ತೆ ಒಳಗೆ ಬಂದರು.
"ಓದುವುದು ನನ್ನ ಕೆಲಸ, ಓದುತ್ತೇನೆ.
ನಾಳೆ ಡಾಕ್ಟರ ಹತ್ತಿರ ನಾವೆಲ್ಲ ಹೋಗೋಣ.
ಇವಳು ಮಾತಾಡುವುದು ಬೇಡ."

ಮರುದಿನ ಬೇರೆ ದುಭಾಷಿ ಇದ್ದಳು, ದೊಡ್ಡವಳು.
ಅಪ್ಪನೂ ಒಳಗೆ ಹೋದ.
ನನ್ನನ್ನು ಹೊರಗೆ, ಮಕ್ಕಳ ಮೇಜಿನ ಹತ್ತಿರ ಕೂರಿಸಿದರು.
ಡಬ್ಬಿ ತುಂಬ ಬಣ್ಣದ ಪೆನ್ಸಿಲು. ಎಲ್ಲವೂ ಉದ್ದಕ್ಕಿದ್ದವು,
ಹಳದಿಯೊಂದು ಮಾತ್ರ ಬೆರಳಿಗೆ ಸಿಗದಷ್ಟು ಸವೆದಿತ್ತು.
ಆ ಊರಿನ ಮಕ್ಕಳೆಲ್ಲ
ಮೊದಲು ಅದನ್ನೇ ಎತ್ತಿಕೊಳ್ಳುತ್ತಾರೆ.