ನೂರಕ್ಕ ಎಪ್ಪತ್ತೊಂದು

ಶಹಾಬಾದ್ ಸ್ಟೇಷನ್ ರೋಡಿನ್ಯಾಗ ನಂದೊಂದು ಅಂಗಡಿ.
ಎರಡು ಖುರ್ಚಿ, ಎದುರುಬದುರು ಎರಡು ಕನ್ನಡಿ.
ನಡುವ ಕುಂತವನ ಮಾರಿ
ಒಂದರ ಹಿಂದೊಂದು, ಗೂಡ್ಸ್ ಗಾಡಿ ಡಬ್ಬಿಯಂಗ
ದೂರ ದೂರ ಹೋಗಿ ಹಸಿರಾಗಿ ಮುಳುಗತಾವ.

ಸಂಜಿಗೆ ಪಾಲಿಶ್ ಮಷೀನಿನ ಮಂದಿ ಬರ್ತಾರ.
ಪರ್ಸಿ ಧೂಳು ಹುಬ್ಬಿನ ಮ್ಯಾಗ, ರೆಪ್ಪಿ ಮ್ಯಾಗ, ಮೂಗಿನ ಹೊಳ್ಳ್ಯಾಗ.
ಯಾರ ಮಗ, ಯಾವ ಓಣಿ, ಯಾವ ದೇವರು
ನೀರು ಚಿಮುಕಿಸೋ ತನಕ ತಿಳಿಯಂಗಿಲ್ಲ.
ನನಗ ತಿಳಿತದ. ಕಣ್ಣಿಗಲ್ಲ, ಬೆರಳಿಗೆ.
ಒಬ್ಬನ ಗದ್ದದ ಕೆಳಗ ಹಳೇ ಹೊಲಿಗಿ,
ಇನ್ನೊಬ್ಬನ ಕಿವಿ ಹಿಂದ ಕಡ್ಲಿಬ್ಯಾಳಿಯಷ್ಟು ಗಂಟು,
ಲಾಡ್ಲೇಸಾಬನ ಎಡಗಲ್ಲದಾಗ ಸುಳಿ.
ಅಲ್ಲಿ ಕೂದಲು ಉಲ್ಟಾ ಬೆಳಿತದ,
ಕತ್ತಿ ಕೆಳಗಿಂದ ಮ್ಯಾಲ ಒಯ್ಯಬೇಕು.
ಹತ್ತೊಂಬತ್ತು ವರ್ಷಾತು, ಒಯ್ಕೋತ ಬಂದೀನಿ.

ಹೋದ ಶ್ರಾವಣದಾಗ ಸರ್ಕಲ್ ಕಂಬಕ್ಕ ನಾಕು ಕಣ್ಣು ಕಟ್ಟಿದರು.
ಬಿಳಿ ಡಬ್ಬಿ, ಕರಿ ಗುಡ್ಡಿ, ರಾತ್ರಿ ಕೆಂಪು ಚುಕ್ಕಿ.
ನಿಮ್ಮ ರಕ್ಷಣಾಕ್ಕೇ, ಅಂದ್ರು.
ಹೂ ಮಾರೋ ಗುರಬಸಮ್ಮ ಸೆರಗು ಜಗ್ಗಿಕೊಂಡು ಅಂದ್ಳು:
"ನನ್ನ ಕಾಯಾಂವ
ನನಗ ಬೆನ್ನು ಮಾಡಿ ನಿಂದ್ರಬೇಕಲ್ಲೋ ತಮ್ಮಾ?
ಇಂವ ಯಾಕ ನನ್ನ ಕಡೀನ ನೋಡಕತ್ಯಾನ?"

ಆಮ್ಯಾಲ ಲಾಡ್ಲೇಸಾಬನ ಒಯ್ದರು.
ವಾಡಿಯಾಗ ಏನೋ ಗಲಾಟಿ, ಯಾರೋ ಕಲ್ಲು ಒಗದಾರ.
ಮಷೀನು ಅಂತು: ಇವನೇ. ನೂರಕ್ಕ ಎಪ್ಪತ್ತೊಂದು.
(ಉಳದ ಇಪ್ಪತ್ತೊಂಬತ್ತು ಯಾರು, ಸಾಹೇಬ್ರ?
ಅಂವನ್ನಾರ ಮನಿಗೆ ಬಿಟ್ಟೀರೇನು?)
ಜಲ್ಮೆಲ್ಲಾ ಕಲ್ಲು ಹೊತ್ತಾಂವ,
ಬಲರಟ್ಟಿ ಕಿವಿಯ ಮಟ್ಟ ಸೈತ ಏಳಂಗಿಲ್ಲ.
ಒಗಿಯೋದು ಎಲ್ಲಿ ಬಂತು?

ನಾ ಠಾಣೆಗೆ ಹೋದೆ.
ಆ ದಿನ, ಆ ಹೊತ್ತಿಗೆ ಅಂವ ನನ್ನ ಖುರ್ಚ್ಯಾಗ ಇದ್ದ್ರಿ,
ಎರಡೂ ಗಲ್ಲಕ್ಕ ನೊರಿ ಹಚ್ಚಿದ್ದೆ, ಅಂದೆ.
ಸಾಕ್ಷಿ?
ಬೆರಳು ತೋರಿಸಿದೆ.
ರೈಟರ್ ನಕ್ಕ. ಕೆಟ್ಟವನಲ್ಲ, ಮರುಕದಿಂದಲೇ ಅಂದ:
"ನಿನ್ನ ಅಂಗಡ್ಯಾಗೂ ಒಂದು ಕ್ಯಾಮೆರಾ ಇದ್ದಿದ್ದರ
ಈಗ ತೋರಸಬಹುದಿತ್ತು ನೋಡು."

ನಾಕನೇ ದಿನ ಬಿಟ್ಟರು.
ಯಾಕ ಅಂತ ಹೇಳಲಿಲ್ಲ, ಒಯ್ದಾಗೂ ಹೇಳಿರಲಿಲ್ಲ.
ಬಂದು ಕುಂತ. "ಖುರ್ಚಿ ಗ್ವಾಡಿ ಕಡಿ ತಿರುವು" ಅಂದ.
ಗ್ವಾಡಿ ಮ್ಯಾಲ ಹಳೇ ಕ್ಯಾಲೆಂಡರ್ ಬಿಟ್ಟರ ಏನಿಲ್ಲ.
ಅಂವ ಅದನ್ನೇ ನೋಡಕೋತ ಕುಂತ.
ಹೇಳಬೇಕು ಅನ್ನಸ್ತು:
ಲಾಡ್ಲೇ, ಕನ್ನಡಿ ನೋಡತದ, ಇಟ್ಕೊಳ್ಳಂಗಿಲ್ಲ.
ನೀ ಎದ್ದರ ನಿನ್ನ ಮಾರಿ ನಿನ್ನ ಕೂಡೇ ಬರ್ತದ.
ಹೇಳಲಿಲ್ಲ. ನೊರಿ ಹಚ್ಚಿದೆ.
ಸುಳಿ ಹತ್ರ ಬಂದಾಗ ಬೆರಳು ನಿಂತು,
ಅಲ್ಲಿ ಹೊಸಾದೊಂದು ಗುರ್ತಿತ್ತು.
ಕತ್ತಿ ಸುತ್ತ ಹಾಕಿ ಒಯ್ದೆ.
ಅಂವಾನೂ ಏನೂ ಅನ್ನಲಿಲ್ಲ. ರೊಕ್ಕ ಕೊಟ್ಟ, ಚಿಲ್ಲರ ಮರತು ಹೋದ.

ಐತಾರ ಪೇದೆ ಮಲ್ಕಣ್ಣ ಒಂದು ಫಾರಂ ತಂದ.
"ಅಂಗಡಿಯವರು ತಾವೇ ಹಾಕಸಕೊಳ್ಳಬೇಕಂತ. ಸಹಿ ಮಾಡು."
ಪೌಡರ್ ಡಬ್ಬಿ ಕೆಳಗ ಇಟ್ಟು ಖುರ್ಚಿಗೆ ಒರಗಿದ,
ಕಣ್ಣು ಮುಚ್ಚಿದ, ಕೊರಳು ಎತ್ತಿದ.
ನನ್ನ ಹೆಸರು ಪೂರಾ ಗೊತ್ತಿಲ್ಲ ಅಂವಗ.
ಕತ್ತಿ ಯಾರ ಕೈಯಾಗ ಅದ ಅಂತ
ಯಾವ ಮಷೀನಿಗೂ ಕೇಳಲಿಲ್ಲ.
ಹಂಗೇ ಕೊರಳು ಕೊಟ್ಟ, ಊರು ದಿನಾ ಕೊಡೂವಂಗ.

"ಮಲ್ಕಣ್ಣೋರೆ, ಆ ಕಂಬ ನಿಮ್ಮನ್ನೂ ನೋಡತದೇನ್ರಿ?"
ನೊರಿಯೊಳಗ ತುಟಿ ಅಲುಗ್ಯಾಡಿದವು.
"ಮಾತಾಡಬ್ಯಾಡ್ರಿ, ಕತ್ತಿ ಅದ" ಅಂದೆ.
ಗಂಟಲ ಮಣಿ ಒಮ್ಮಿ ಮ್ಯಾಲೇರಿ ಇಳೀತು.

ಫಾರಂ ಇನ್ನೂ ಡಬ್ಬಿ ಕೆಳಗೇ ಅದ.
ನೀರು ಹತ್ತಿ, ಹೆಸರು ಬರಿಯೋ ಜಾಗ
ಉಬ್ಬಿ ಮ್ಯಾಲ ಬಂದದ.